ಮಂಗನ ಕಾಯಿಲೆಯ ಪಾಠ: ಮಕ್ಕಳ ತಪ್ಪು ತಿಳಿವಳಿಕೆಯಿಂದಲೇ ಆರಂಭಿಸುವ ಎರಡು ಅವಧಿಗಳು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಬೋಧನಾಭ್ಯಾಸದ ಪಾಠಗಳನ್ನು ಹಲವು ವರ್ಷಗಳಿಂದ ವೀಕ್ಷಿಸುತ್ತ ಬಂದಿದ್ದೇನೆ. ಎಂಟನೆಯ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಬಂದಾಗ ಹೆಚ್ಚಿನವರು ಕಾಲರಾ, ಮಲೇರಿಯಾ, ಕ್ಷಯ ಎಂದು ಕಪ್ಪುಹಲಗೆಯ ಮೇಲೆ ಪಟ್ಟಿ ಬರೆದು, ರೋಗಕಾರಕ ಮತ್ತು ಹರಡುವ ವಿಧಾನಗಳನ್ನು ತಿಳಿಸಿ ಪಾಠ ಮುಗಿಸುತ್ತಾರೆ. ಆದರೆ ಈ ಮೂರು ತಾಲ್ಲೂಕಿನ ಮಕ್ಕಳಿಗೆ ಮನೆಬಾಗಿಲಲ್ಲೇ ಇರುವುದು ಮಂಗನ ಕಾಯಿಲೆ. ಅದಕ್ಕಾಗಿ ಎರಡು ಅವಧಿಗಳನ್ನು ಮೀಸಲಿಡಬೇಕೆಂದು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುತ್ತೇನೆ. ಆ ಪಾಠಗಳನ್ನು ನೋಡಿ ನಾನು ಕಂಡುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಜನರಿಗೆ ಮಾಹಿತಿ ಇಲ್ಲದ್ದರಿಂದ ವಿಜ್ಞಾನವನ್ನು ತಪ್ಪು ತಿಳಿಯುತ್ತಾರೆ, ಮಾಹಿತಿ ಕೊಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಶಿಕ್ಷಕರಲ್ಲಿ ಬಲವಾಗಿದೆ. ನಾನು ನೋಡಿದ ತರಗತಿಗಳಲ್ಲಿ ಹಾಗಿರಲಿಲ್ಲ. ಮಕ್ಕಳು ಮನೆಯಿಂದ ತರುವ ತಪ್ಪು ತಿಳಿವಳಿಕೆಯಲ್ಲಿ ಸರಿಯಾದ ಅವಲೋಕನವೂ ಇರುತ್ತದೆ. ಒಂದು ಕೊಂಡಿ ಮಾತ್ರ ತಪ್ಪಿರುತ್ತದೆ. ಆ ಕೊಂಡಿಯನ್ನು ಮಕ್ಕಳೊಂದಿಗೆ ಸೇರಿ ಹುಡುಕುವುದೇ ಶಿಕ್ಷಕರ ಕೆಲಸ.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ. ಆದ್ದರಿಂದ ತಜ್ಞರ ಮೊದಲ ಅನುಮಾನ ಅದರ ಮೇಲೆಯೇ ಹೋಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದು ಎಂದು ತಿಳಿಯಿತು. ವಿಜ್ಞಾನಿಗಳು ಕೂಡ ಒಂದು ಊಹೆಯಿಂದ ಹೊರಟು, ಪರೀಕ್ಷೆ ಒಪ್ಪದಿದ್ದಾಗ ಅದನ್ನು ಬಿಟ್ಟರು. ಈ ಸಂಗತಿಯನ್ನು ಪಾಠದಲ್ಲಿ ತಪ್ಪದೆ ಹೇಳಬೇಕು.

ಈ ವೈರಸ್ಸನ್ನು ಮನುಷ್ಯರಿಗೆ ಮುಖ್ಯವಾಗಿ ತಲುಪಿಸುವುದು ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಅದು ಮರಿಯಾಗಿದ್ದಾಗ ಇಲಿ, ಸುಂಡಿಲಿ, ಹಕ್ಕಿ, ಮಂಗಗಳ ರಕ್ತ ಹೀರುತ್ತದೆ. ಮುಂದಿನ ಹಂತದ ಎಳೆಯ ಉಣುಗು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕದು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಇದೇ. ನವೆಂಬರಿನಿಂದ ಮೇ ತನಕ ಇದರ ಕಾಲ. ಮಲೆನಾಡಿನಲ್ಲಿ ಸೊಪ್ಪು ತರುವುದು, ದರಗು ಗುಡಿಸುವುದು, ಸೌದೆ ಕೂಡಿಡುವುದು ಕೂಡ ಅದೇ ತಿಂಗಳುಗಳಲ್ಲಿ. ಬೆಳೆದ ಉಣುಗು ದನಗಳಂಥ ದೊಡ್ಡ ಪ್ರಾಣಿಗಳನ್ನು ಆಶ್ರಯಿಸುತ್ತದೆ. ಕಾಡು ಕಡಿದ ಅಂಚಿನಲ್ಲಿ ದನ ಮೇಯುವುದು ಹೆಚ್ಚಿದಾಗ ಉಣುಗೂ ಹೆಚ್ಚುತ್ತದೆ ಎಂದು ಜಾರ್ಜ್ ಬೋಷೆಲ್ 1960ರ ದಶಕದಲ್ಲೇ ವಿವರಿಸಿದ್ದರು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದಕ್ಕೆಂದೇ ಔಷಧವಿಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ ದ್ರವಾಂಶ ಕಾಯ್ದುಕೊಂಡು, ರಕ್ತಸ್ರಾವದ ಮೇಲೆ ನಿಗಾ ಇಡುವುದೇ ಚಿಕಿತ್ಸೆ. ಕಾಯಿಲೆ ಬಂದ ನೂರರಲ್ಲಿ ಸುಮಾರು 3ರಿಂದ 5 ಮಂದಿ ಸಾಯುತ್ತಾರೆ.

ಮೊದಲ ಅವಧಿ: ಪೂರ್ವಜ್ಞಾನವನ್ನು ಹಲಗೆಗೆ ತರುವುದು

"ಮಂಗನ ಕಾಯಿಲೆ ಬಗ್ಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ?" ಇದೊಂದೇ ಪೀಠಿಕಾ ಪ್ರಶ್ನೆ. ಉತ್ತರಗಳನ್ನು ತಿದ್ದದೆ, ಮಕ್ಕಳ ಮಾತಿನಲ್ಲೇ ಬರೆಯಬೇಕು. ಮೂರೂ ತಾಲ್ಲೂಕುಗಳಲ್ಲಿ ಮತ್ತೆ ಮತ್ತೆ ಬಂದ ಹೇಳಿಕೆಗಳು ನಾಲ್ಕು:

1. ಮಂಗನಿಂದ ಬರುತ್ತದೆ. ಮಂಗನನ್ನು ಓಡಿಸಿದರೆ ಕಾಯಿಲೆಯೂ ಹೋಗುತ್ತದೆ.
2. ಒಂದೇ ಮನೆಯಲ್ಲಿ ಇಬ್ಬರಿಗೆ ಬಂತು. ಹಾಗಾಗಿ ಅದು ಅಂಟುರೋಗ.
3. ಆಸ್ಪತ್ರೆಯವರ ಜೀಪು ಬಂದ ಮೇಲೇ ಜ್ವರ ಜಾಸ್ತಿಯಾಯಿತು.
4. ಚುಚ್ಚುಮದ್ದು ಹಾಕಿಸಿಕೊಂಡವರಿಗೂ ಬಂತು. ಅದರಿಂದ ಪ್ರಯೋಜನವಿಲ್ಲ.

ಸಾಗರ ತಾಲ್ಲೂಕಿನ ಒಂದು ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಈ ಹೇಳಿಕೆಗಳ ಮುಂದೆ ಒಂದೊಂದಾಗಿ "ತಪ್ಪು" ಎಂದು ಗುರುತು ಹಾಕಿ, ಪಕ್ಕದಲ್ಲಿ ಸರಿಯುತ್ತರ ಬರೆದರು. ಮಕ್ಕಳು ಅಚ್ಚುಕಟ್ಟಾಗಿ ನಕಲು ಮಾಡಿಕೊಂಡರು. ಆಮೇಲೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಪ್ರತಿ ಹೇಳಿಕೆಗೂ "ಇದು ನಿಮ್ಮ ಮನೆಯವರಿಗೆ ಹೇಗೆ ಗೊತ್ತಾಯಿತು? ಏನು ನೋಡಿದ್ದರು?" ಎಂದು ಕೇಳಿದರು. ಅವಧಿ ಮುಗಿದ ಗಂಟೆ ಹೊಡೆದರೂ ಮಕ್ಕಳು ಮಾತು ನಿಲ್ಲಿಸಲಿಲ್ಲ. ಆ ಎರಡನೆಯ ದಾರಿಯನ್ನೇ ಮುಂದೆ ವಿವರಿಸಿದ್ದೇನೆ.

ಮೊದಲ ಹೇಳಿಕೆ. ಮಂಗ ಸತ್ತ ಜಾಗದ ಸುತ್ತ ಕಾಯಿಲೆ ಬರುತ್ತದೆ ಎಂಬ ಅವಲೋಕನ ಸರಿ. ಸತ್ತ ಮಂಗನನ್ನು ಮುಟ್ಟಬಾರದೆಂಬ ಎಚ್ಚರಿಕೆಯೂ ಸರಿ. ತಪ್ಪಿರುವುದು ಕಾರಣದ ಕೊಂಡಿ. ಮಂಗವೂ ನಮ್ಮಂತೆ ಈ ವೈರಸ್ಸಿಗೆ ಬಲಿಯಾಗುವ ಪ್ರಾಣಿ. ಅದು ಸತ್ತು ಮೈ ತಣ್ಣಗಾದಾಗ ಉಣುಗುಗಳು ದೇಹ ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಅಪಾಯ ಇರುವುದು ಆ ನೆಲದ ದರಗಿನಲ್ಲಿ. ಕಾಯಿಲೆಗೆ ಇಟ್ಟ ಹೆಸರೇ ಕಣ್ಣನ್ನು ಮರದ ಮೇಲಕ್ಕೆ ತಿರುಗಿಸುತ್ತದೆ. ನೋಡಬೇಕಾದ್ದು ಕಾಲ ಕೆಳಗೆ. "ಈ ಕಾಯಿಲೆಗೆ ನೀವೇ ಹೆಸರಿಡುವುದಾದರೆ ಏನೆಂದು ಇಡುತ್ತೀರಿ?" ಎಂದು ಕೇಳಿದಾಗ "ಉಣುಗಿನ ಜ್ವರ" ಎಂಬ ಉತ್ತರ ಮಕ್ಕಳಿಂದಲೇ ಬಂತು.

ಎರಡನೆಯ ಹೇಳಿಕೆ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದದ್ದು ನಿಜ. ಆ ಇಬ್ಬರೂ ಹಿಂದಿನ ವಾರ ಎಲ್ಲಿಗೆ ಹೋಗಿದ್ದರು ಎಂದು ಕೇಳಬೇಕು. ಒಂದೇ ಸೊಪ್ಪಿನಬೆಟ್ಟಕ್ಕೆ ಹೋಗಿದ್ದರು ಎಂಬ ಉತ್ತರ ಸಿಗುತ್ತದೆ. ಅವರು ಹಂಚಿಕೊಂಡದ್ದು ಜಾಗವನ್ನು, ಜ್ವರವನ್ನಲ್ಲ. ಈ ತಪ್ಪು ತಿಳಿವಳಿಕೆಯ ಬೆಲೆ ದೊಡ್ಡದು. ಅಮ್ಮನಿಗೆ ಜ್ವರ ಬಂದ ಮೇಲೆ ಆ ವರ್ಷ ಅವರನ್ನು ಯಾರೂ ಅಡಿಕೆ ಸುಲಿಯಲು ಕರೆಯಲಿಲ್ಲ ಎಂದು ಒಬ್ಬ ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ದೂರ ಇಡುತ್ತಾರೆಂಬ ಭಯವಿರುವ ಮನೆ ಜ್ವರವನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ಜ್ವರ ಆಸ್ಪತ್ರೆಗೆ ತಡವಾಗಿ ಬರುತ್ತದೆ. ಇಂಥ ಮಾತು ಬಂದಾಗ ಪ್ರಶಿಕ್ಷಣಾರ್ಥಿ ಆ ಮಗುವನ್ನು ಉದಾಹರಣೆಯಾಗಿ ನಿಲ್ಲಿಸಬಾರದು. "ಹೀಗೆ ಹಲವು ಊರುಗಳಲ್ಲಿ ಆಗಿದೆ" ಎಂದು ಮಾತನ್ನು ಎಲ್ಲರದ್ದಾಗಿ ಮಾಡಿ ಮುಂದುವರಿಸಬೇಕು.

ಮೂರನೆಯ ಹೇಳಿಕೆಯನ್ನು ಹೊಸನಗರ ತಾಲ್ಲೂಕಿನ ಹುಡುಗನೊಬ್ಬ ಹಟ ಹಿಡಿದು ಸಮರ್ಥಿಸಿದ. ಅವನು ಹೇಳಿದ ಕ್ರಮ ಸುಳ್ಳಲ್ಲ. ಜೀಪು ಬಂತು, ಆಮೇಲೆ ಜ್ವರದ ಲೆಕ್ಕ ಏರಿತು. ಪ್ರಶಿಕ್ಷಣಾರ್ಥಿ ಅವನನ್ನೇ ಹಲಗೆಗೆ ಕರೆದು ಘಟನೆಗಳನ್ನು ಮೇಲಿನಿಂದ ಕೆಳಗೆ ಬರೆಯಿಸಿದರು. "ಜೀಪು ಯಾಕೆ ಬಂತು?" ಎಂದು ಕೇಳಿದಾಗ "ಮಂಗ ಸತ್ತಿತ್ತು" ಎಂಬ ಸಾಲು ಜೀಪಿಗಿಂತ ಮೇಲೆ ಸೇರಿತು. ರಕ್ತಪರೀಕ್ಷೆ ಶುರುವಾದ ಮೇಲೆ ಅಲ್ಲಿಯವರೆಗೆ ಬರೀ ಜ್ವರವಾಗಿದ್ದುದಕ್ಕೆ ಹೆಸರು ಸಿಕ್ಕಿತು. ಜನವರಿ ಕಳೆದು ಉಣುಗಿನ ಕಾಲವೂ ಬಲಿತಿತ್ತು. ಒಂದರ ನಂತರ ಇನ್ನೊಂದು ಆದದ್ದರಿಂದ ಮೊದಲನೆಯದೇ ಕಾರಣವಾಗುವುದಿಲ್ಲ ಎಂಬ ದೊಡ್ಡ ಪಾಠ ಆ ಐದು ಸಾಲುಗಳಲ್ಲಿ ಮುಗಿಯಿತು.

ಕೆಲವು ಮಕ್ಕಳು ಅಮ್ಮನವರಿಗೆ ಹರಕೆ ಹೇಳಿಕೊಂಡದ್ದನ್ನೂ ಹೇಳುತ್ತಾರೆ. ಅದನ್ನು ಮೂಢನಂಬಿಕೆ ಎಂದು ತರಗತಿಯಲ್ಲಿ ಹೀಯಾಳಿಸಿದರೆ ಮಗು ಮನೆಯ ಪಕ್ಷ ವಹಿಸುತ್ತದೆ, ಪಾಠ ಅಲ್ಲಿಗೆ ನಿಲ್ಲುತ್ತದೆ. ನಾವು ಕೇಳಬೇಕಾದ್ದು ಜ್ವರ ಬಂದ ಎಷ್ಟನೆಯ ದಿನ ಆಸ್ಪತ್ರೆಗೆ ಹೋದರು ಎಂಬುದನ್ನು ಮಾತ್ರ.

ಎರಡನೆಯ ಅವಧಿ: ಚುಚ್ಚುಮದ್ದಿನ ಲೆಕ್ಕ

ನಾಲ್ಕನೆಯ ಹೇಳಿಕೆಗೆ ಗಣಿತ ಬೇಕು. 2005ರಿಂದ 2010ರವರೆಗಿನ ಮಾಹಿತಿಯ ಮೇಲೆ ಕರ್ನಾಟಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಸುಮಾರು ಶೇ. 62, ಬೂಸ್ಟರನ್ನೂ ಪಡೆದವರಲ್ಲಿ ಸುಮಾರು ಶೇ. 83. ಹಲಗೆಯ ಮೇಲೆ ಒಂದು ಊಹೆಯ ಊರನ್ನು ಬರೆಯಿರಿ. ಜನಸಂಖ್ಯೆ 1000. ಬೂಸ್ಟರ್ ಸಹಿತ ಲಸಿಕೆ ಪಡೆದವರು 900, ಪಡೆಯದವರು 100. ಲಸಿಕೆ ಇಲ್ಲದಿದ್ದರೆ ನೂರಕ್ಕೆ 10 ಮಂದಿಗೆ ಕಾಯಿಲೆ ಬರುತ್ತದೆ ಎಂದುಕೊಳ್ಳೋಣ. ಲಸಿಕೆ ಪಡೆಯದ 100ರಲ್ಲಿ 10 ಮಂದಿ ಮಲಗುತ್ತಾರೆ. 900ರಲ್ಲಿ 90 ಮಂದಿ ಮಲಗಬೇಕಿತ್ತು. ಅದರಲ್ಲಿ ಶೇ. 83 ಕಳೆದರೆ ಸುಮಾರು 15 ಮಂದಿ ಉಳಿಯುತ್ತಾರೆ.

ಈಗ ಆಸ್ಪತ್ರೆಯಲ್ಲಿ 25 ಮಂದಿ. ಅವರಲ್ಲಿ 15 ಮಂದಿ ಚುಚ್ಚುಮದ್ದು ಹಾಕಿಸಿಕೊಂಡವರು! ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದವರಿಗೆ ಚುಚ್ಚುಮದ್ದಿನಿಂದಲೇ ಕಾಯಿಲೆ ಬಂದಂತೆ ಕಾಣುತ್ತದೆ. ಕಂಡದ್ದು ಸುಳ್ಳಲ್ಲ, ಆದರೆ ಭಾಗಿಸುವುದನ್ನು ಬಿಟ್ಟಿದ್ದೇವೆ. ಪಡೆಯದವರಲ್ಲಿ ನೂರಕ್ಕೆ 10, ಪಡೆದವರಲ್ಲಿ ನೂರಕ್ಕೆ 2ಕ್ಕೂ ಕಡಿಮೆ. ಈ ಭಾಗಾಕಾರವನ್ನು ಮಕ್ಕಳೇ ಮಾಡಬೇಕು. ಶಿಕ್ಷಕರು ಮಾಡಿ ತೋರಿಸಿದರೆ ಅದೂ ನಂಬಬೇಕಾದ ಇನ್ನೊಂದು ಮಾತಾಗುತ್ತದೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬರುತ್ತದೆ: "ಹಾಗಾದರೆ ಚುಚ್ಚುಮದ್ದನ್ನು ನಿಲ್ಲಿಸಿದ್ದು ಯಾಕೆ, ಮೇಡಂ?" ಆ ಲಸಿಕೆಯ ಶಕ್ತಿ ಕುಂದಿದ್ದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಈ ಪ್ರಶ್ನೆಗೆ ಹೆದರಿ ವಿಷಯ ಬದಲಿಸಿದ ಪಾಠಗಳನ್ನು ನೋಡಿದ್ದೇನೆ. ಬದಲಿಸಬಾರದು. ಊರಿನವರ ಅನುಮಾನಕ್ಕೆ ಆಧಾರವೇ ಇರಲಿಲ್ಲ ಎಂದೂ ಹೇಳಬಾರದು, ಅವರೇ ಗೆದ್ದರು ಎಂದೂ ಹೇಳಬಾರದು. ಲಸಿಕೆ ಯಾವಾಗ, ಎಷ್ಟು ಕೆಲಸ ಮಾಡಿತು ಎಂಬುದು ಅಳೆದು ತಿಳಿದ ಸಂಗತಿ. ಶಕ್ತಿ ಕುಂದಿತೆಂಬುದೂ ಪರೀಕ್ಷೆಯಿಂದಲೇ ತಿಳಿದದ್ದು. ಹಳದಿ ಜ್ವರದ ಊಹೆಯನ್ನು 1957ರಲ್ಲಿ ಬಿಟ್ಟ ಹಾಗೆಯೇ ಇದನ್ನೂ ಬಿಡಲಾಯಿತು. ಮಕ್ಕಳ ಮುಂದೆ ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ವಿಜ್ಞಾನ ಮಾತು ಬದಲಿಸುತ್ತದೆ ಎಂಬ ದೂರಿಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಚುಚ್ಚುಮದ್ದು ಇಲ್ಲದಿರುವಾಗ ಎಚ್ಚರಿಕೆಯೇ ಆಧಾರ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಡೇಪಾ ತೈಲ ಹಚ್ಚುವುದು, ಮೈತುಂಬ ಬಟ್ಟೆ ಹಾಕುವುದು, ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯುವುದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸುವುದು. ಮಕ್ಕಳು ಪ್ರತಿಯೊಂದರ ಮುಂದೆ "ಏಕೆ?" ಎಂದು ಬರೆದು ಉಣುಗಿನ ಜೀವನಚಕ್ರದಿಂದ ಉತ್ತರ ಕೊಡಬೇಕು.

ಮೌಲ್ಯಮಾಪನ

"ಮಂಗನ ಕಾಯಿಲೆಗೆ ಕಾರಣವೇನು?" ಎಂಬ ಪ್ರಶ್ನೆಗೆ ಎಲ್ಲರೂ ಉತ್ತರ ಬರೆಯುತ್ತಾರೆ, ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಈ ಮೂರನ್ನು ಕೊಡಿ. ಪಕ್ಕದ ಮನೆಯವರಿಗೆ ಜ್ವರ ಬಂದಿದೆ, ಅವರ ಮನೆಗೆ ಹೋಗಬಹುದೇ? ಕಾರಣ ಸಹಿತ ಬರೆಯಿರಿ. ತೋಟದ ಅಂಚಿನಲ್ಲಿ ಮಂಗ ಸತ್ತಿದೆ, ಈ ದಿನ ನೀವು ಮಾಡುವ ಎರಡು ಕೆಲಸಗಳೇನು? ನಿಮ್ಮ ಊರಿನಲ್ಲಿ ಕೇಳಿದ ಒಂದು ಮಾತನ್ನು ಬರೆದು, ಅದರಲ್ಲಿ ಸರಿಯಾದ ಅವಲೋಕನ ಯಾವುದು, ತಪ್ಪಿದ ಕೊಂಡಿ ಯಾವುದು ತಿಳಿಸಿ.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಸಂವಿಧಾನದ 51ಎ(ಎಚ್) ವಿಧಿಯಂತೆ ಪ್ರತಿ ಪ್ರಜೆಯ ಕರ್ತವ್ಯ ಎಂದು ನಾವು ಪಾಠಯೋಜನೆಯ ಉದ್ದೇಶಗಳಲ್ಲಿ ಬರೆಯುತ್ತೇವೆ. ಮೂರನೆಯ ಪ್ರಶ್ನೆಯ ಉತ್ತರಗಳನ್ನು ಓದಿದರೆ ಆ ಉದ್ದೇಶ ಎಷ್ಟು ಈಡೇರಿದೆ ಎಂಬುದು ಕಾಣುತ್ತದೆ. ಕೊನೆಯದಾಗಿ ಒಂದು ಸಲಹೆ. ಈ ಪಾಠವನ್ನು ಘಟಕದ ಸರದಿ ಬರುವವರೆಗೆ ಕಾಯಿಸಬೇಡಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇದನ್ನು ನವೆಂಬರಿನ ಮೊದಲ ವಾರದಲ್ಲೇ, ದರಗು ಗುಡಿಸುವ ಕೆಲಸ ಶುರುವಾಗುವ ಮುನ್ನ, ಮಾಡಿ ಮುಗಿಸಬೇಕು.