ಯಾವ ಪರೀಕ್ಷೆ ಮಾಡಿ ಹೇಳಿದಿರಿ?

ದೋಣಿ ಕೊಳ್ಳುವಾಗ ಎಲ್ಲರೂ ಎಂಜಿನ್ನಿನ ಬೆಲೆ ಲೆಕ್ಕ ಹಾಕುತ್ತಾರೆ. ದೋಣಿ ಹೊರುವ ಟ್ರೇಲರ್‌ನ ಖರ್ಚು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಹ್ಯೂಸ್ಟನ್‌ನಲ್ಲಿರುವ ನಮಗೆ ಗ್ಯಾಲ್ವೆಸ್ಟನ್ ಕೊಲ್ಲಿ ಹತ್ತಿರ. ದೋಣಿ ಇಳಿಸುವಾಗಲೆಲ್ಲ ಟ್ರೇಲರ್‌ನ ಚಕ್ರ ಉಪ್ಪುನೀರಲ್ಲಿ ಮುಳುಗಲೇಬೇಕು, ಏಟು ಬ್ರೇಕಿಗೆ ಬೀಳುತ್ತದೆ. ಟೆಕ್ಸಸ್‌ನಲ್ಲಿ ಒಟ್ಟು ತೂಕ 4,500 ಪೌಂಡ್ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಹಾಗಾಗಿ ಇದು ಮುಂದೂಡುವ ಖರ್ಚಲ್ಲ.

ಕಳೆದ ಬೇಸಿಗೆಯಲ್ಲಿ ಟ್ರಕ್ ನಿಧಾನ ಮಾಡಿದಾಗಲೆಲ್ಲ ದೋಣಿ ಹಿಂದಿನಿಂದ ದೂಡತೊಡಗಿತು. ಗ್ಯಾರೇಜಿನವರು ಒಂದು ಸುತ್ತು ಹಾಕಿ ಅಂದಾಜುಪಟ್ಟಿ ಕೊಟ್ಟರು: ಹೊಸ ಆಕ್ಚುಯೇಟರ್, ನಾಲ್ಕೂ ಚಕ್ರಕ್ಕೆ ಕ್ಯಾಲಿಪರ್, ಪೈಪು, ಕೂಲಿ. ಎಲ್ಲ ಸೇರಿ ಸಾವಿರದೆಂಟುನೂರು ಡಾಲರ್ ಆಸುಪಾಸು. ಇವೆಲ್ಲ ಕೆಟ್ಟಿವೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳಿದೆ. ಹಳೆಯದಾಗಿದೆ ಎಂಬುದೇ ಉತ್ತರ. ಪಟ್ಟಿ ಮಡಿಸಿ ಜೇಬಿಗೆ ಹಾಕಿಕೊಂಡು ಬಂದೆ.

ನಮ್ಮ ಟ್ರೇಲರ್‌ನಲ್ಲಿರುವುದು ಸರ್ಜ್ ಬ್ರೇಕ್, ಅದರ ಕೆಲಸ ಸರಳ. ಮುಂದಿನ ಗಾಡಿ ನಿಧಾನವಾದರೆ ಟ್ರೇಲರ್ ತನ್ನ ಭಾರಕ್ಕೇ ಮುಂದೆ ನುಗ್ಗುತ್ತದೆ. ಕೊಂಡಿಯಲ್ಲಿರುವ ಆಕ್ಚುಯೇಟರ್ ಆಗ ಒಳಜಾರಿ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಬ್ರೇಕ್ ಎಣ್ಣೆ ಆ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ದಾರಿ ಎಲ್ಲಿ ತಪ್ಪಿದೆಯೆಂದು ಹುಡುಕಲು ಜಾಕ್, ಸ್ಟ್ಯಾಂಡ್, ಸ್ಪ್ಯಾನರ್ ಸಾಕು.

ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು ಒಂದನ್ನು ಎತ್ತಿ ನಿಲ್ಲಿಸಿದೆವು. ಮಗ ಚಕ್ರ ತಿರುಗಿಸುತ್ತಿದ್ದ, ನಾನು ಆಕ್ಚುಯೇಟರ್‌ನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಪುಷ್‌ರಾಡ್ ಮೀಟಿದೆ. ಸಲೀಸಾಗಿ ಕೊನೆತನಕ ಹೋಗಿದ್ದರೆ ಸೋರಿಕೆ, ಇಲ್ಲವೇ ಗಾಳಿ. ನಮ್ಮದು ಚೂರು ಸರಿದು ಗಟ್ಟಿಯಾಗಿ ನಿಂತಿತು, ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಒತ್ತಡ ಹುಟ್ಟುತ್ತಿದೆ, ಚಕ್ರ ತಲುಪುತ್ತಿಲ್ಲ. ಕ್ಯಾಲಿಪರ್‌ನ ಬ್ಲೀಡರ್ ಸಡಿಲಿಸಿ ಮೀಟಿದರೆ ಹನಿ ಎಣ್ಣೆ ಬರಲಿಲ್ಲ. ಸೊಲೆನಾಯ್ಡ್‌ಗೆ ಮುಂಚಿನ ಜೋಡಣೆ ಸಡಿಲಿಸಿದೊಡನೆ ಕಂದು ಎಣ್ಣೆ ಚಿಮ್ಮಿತು. ಹಿಮ್ಮುಖ ಹೋಗುವಾಗ ಬ್ರೇಕ್ ಹಿಡಿಯದಂತೆ ಎಣ್ಣೆ ತಡೆಯುವ ಕವಾಟವೇ ಈ ಸೊಲೆನಾಯ್ಡ್. ಟ್ರಕ್ಕಿನ ಪ್ಲಗ್ ಕಳಚಿದಾಗ ತೆರೆದಿರಬೇಕು, ತುಕ್ಕು ಹಿಡಿದು ಮುಚ್ಚಿಕೊಂಡಿತ್ತು. ಹೊಸದಕ್ಕೆ ನೂರು ಡಾಲರೂ ಆಗಲಿಲ್ಲ. ಆಕ್ಚುಯೇಟರ್ ಬದಲಿಸಿಬಿಟ್ಟಿದ್ದರೆ ಮೂಗಿಗಿಂತ ಮೂಗುತಿ ಭಾರ.

ಎಣ್ಣೆಯಲ್ಲಿ ಜಿಪುಣತನ ಬೇಡ. ಡಾಟ್ 3 ತೇವ ಹೀರುತ್ತದೆ, ಅರ್ಧ ಉಳಿದ ಹಳೆಯ ಬಾಟಲಿ ಬಿಟ್ಟು ಹೊಸದನ್ನೇ ಒಡೆಯಿರಿ. ಅತಿ ದೂರದ ಚಕ್ರದಿಂದ ಶುರುಮಾಡಿ ಗಾಳಿ ತೆಗೆಯಿರಿ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿ, ಹಬ್‌ಗಳ ಹತ್ತಿರ ಅಂಗೈ ಹಿಡಿದು ನೋಡಿ: ಎಲ್ಲವೂ ಒಂದೇ ಸಮ ಬೆಚ್ಚಗಿರಬೇಕು. ಒಂದೇ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ, ಒಂದೇ ತಣ್ಣಗಿದ್ದರೆ ಹಿಡಿಯುತ್ತಿಲ್ಲ. ಸಮುದ್ರದಿಂದ ಬಂದಾಗಲೆಲ್ಲ ಸಿಹಿನೀರಲ್ಲಿ ತೊಳೆಯುವುದು ಪುಕ್ಕಟೆ ವಿಮೆ.

ಕೈ ಕೊಳೆ ಮಾಡಿಕೊಳ್ಳಲು ಆಗದವರು ಗ್ಯಾರೇಜಿನಲ್ಲಿ ಪರೀಕ್ಷೆಗಷ್ಟೇ ಒಂದು ಗಂಟೆಯ ಕೂಲಿ ಕೊಡಿ, ಏನು ಕಂಡಿತೆಂದು ಬರೆಸಿಕೊಳ್ಳಿ. ಆ ಕಾಗದವಿದ್ದರೆ ಮತ್ತೊಬ್ಬರ ಹತ್ತಿರ ಬೆಲೆ ಕೇಳಬಹುದು. ಪೈಪೆಲ್ಲ ತೂತು, ಕ್ಯಾಲಿಪರ್ ಅಂಟಿಕೊಂಡಿವೆ ಎಂದು ಪರೀಕ್ಷೆಯೇ ಹೇಳಿದರೆ ಪೂರ್ತಿ ಬಿಲ್ಲು ಚೌಕಾಸಿಯಿಲ್ಲದೆ ಕಟ್ಟಿಬಿಡಿ. ನಾನೂ ಕಟ್ಟುತ್ತಿದ್ದೆ.