ಎಡಕ್ಕೆ ನಿಂತ ಪುಟ್ಟಿಗೆ

ಪುಟ್ಟಿ, ನೀನು ಎಡಪಂಥೀಯಳಾಗಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅವಳ ದನಿ ಕೇಳಿದರೆ ಯಾರೋ ನಿನ್ನನ್ನು ಹಾರಿಸಿಕೊಂಡು ಹೋದ ಹಾಗಿತ್ತು. ಅವಳಿಗೆ ಸಮಾಧಾನ ಹೇಳಿದ್ದೇನೆ. ಬ್ಯಾಂಕ್ ಯೂನಿಯನ್ನಿನಲ್ಲಿ ತಲೆ ನರೆಸಿಕೊಂಡವನು ನಾನು, ನನಗೇನೋ ಖುಷಿಯೇ. ಆದರೆ ಒಂದೆರಡು ಮಾತು ಹೇಳದಿದ್ದರೆ ಮಾವ ಅನ್ನಿಸಿಕೊಂಡು ಏನು ಪ್ರಯೋಜನ?

1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ರಾಜನಿಗೆ ವೀಟೋ ಕೊಡಬಾರದು ಎಂದವರು ಅಧ್ಯಕ್ಷರ ಎಡಕ್ಕೆ ಕೂತರು, ಹೆಸರು ಅಲ್ಲಿಂದ ಬಂತು ಎಂಬುದನ್ನೆಲ್ಲ ನೀನು ಓದಿರುತ್ತೀಯ. ಅದಿರಲಿ. ನಮ್ಮ ಸಾಗರದ ಪಕ್ಕದ ಕಾಗೋಡಿನ ಸುದ್ದಿ ಹೇಳುತ್ತೇನೆ. ಗೇಣಿ ಭತ್ತ ಅಳೆಯಲು ಧಣಿಗಳ ಮನೆಯಲ್ಲಿ ಒಂದು ಕೊಳಗ ಇರುತ್ತಿತ್ತು, ಪೇಟೆಯಲ್ಲಿ ನಡೆಯುವುದಕ್ಕಿಂತ ದೊಡ್ಡದು. ಮಾತುಕತೆಯಾಗಿದ್ದು ಇಷ್ಟು ಕೊಳಗ ಎಂದು. ಯಾವ ಕೊಳಗ ಎಂದು ಒಕ್ಕಲು ಕೇಳುವಂತಿರಲಿಲ್ಲ. ಬಿಟ್ಟಿ ದುಡಿಮೆ ಇತ್ತು, ಒಕ್ಕಲುಗಳಾಗಿದ್ದ ದೀವರು ಉಡುವ ಬಟ್ಟೆ ಮೊಣಕಾಲಿನ ಕೆಳಗೆ ಇಳಿಯಬಾರದೆಂಬ ಕಟ್ಟಳೆಯೂ ಇತ್ತು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದಾಗ ಮೊದಲು ಜಗಳಕ್ಕೆ ಎಳೆದದ್ದು ಆ ಕೊಳಗವನ್ನೇ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗದ್ದೆಗಿಳಿದವರನ್ನು ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ಕೈಜೋಡಿಸಿತು, ಅದರ ನಾಯಕ ಲೋಹಿಯಾ ಬಂದು ದಸ್ತಗಿರಿಯಾದರು. (ಅವರೆಲ್ಲ ಸಮಾಜವಾದಿಗಳು, ಕಮ್ಯುನಿಸ್ಟರಲ್ಲ. ಈ ಎರಡು ಮನೆಯವರ ದಾಯಾದಿ ಜಗಳ ನಿನಗೆ ಮುಂದೆ ತಾನಾಗಿಯೇ ಗೊತ್ತಾಗುತ್ತದೆ, ಈಗಲೇ ಅವಸರ ಬೇಡ.)

ನನ್ನ ಮಟ್ಟಿಗೆ ಎಡ ಎಂದರೆ ಆ ಕೊಳಗದ ಪ್ರಶ್ನೆ. ದುಡಿದದ್ದು ಪಾಲಾಗುವ ಜಾಗಕ್ಕೆ ಹೋಗಿ, ಅಳೆಯುವವರು ಯಾರು, ಯಾವುದರಲ್ಲಿ ಅಳೆಯುತ್ತಿದ್ದಾರೆ ಎಂದು ನೋಡುವುದು. ಬಡವರನ್ನು ಕಂಡರೆ ಕನಿಕರ ಎನ್ನುವುದು ಬೇರೆ. ಕನಿಕರ ಧಣಿಗಳಿಗೂ ಇತ್ತು, ಒಕ್ಕಲಿನ ಮನೆ ಮದುವೆಗೆ ಅಕ್ಕಿ ಕಳಿಸಿದವರಿದ್ದಾರೆ. ಕೊಳಗ ಮಾತ್ರ ಅದೇ.

ಉಳುವವನಿಗೇ ಭೂಮಿ ಎಂದು ಕಾಗೋಡಿನವರು ಕೇಳಿದ್ದು ಕೈಗೆ ಬರಲು ಎಷ್ಟು ಕಾಲ ಹಿಡಿಯಿತು ನೋಡು. 1952ರಲ್ಲಿ ಗೆದ್ದು ವಿಧಾನಸಭೆಗೆ ಹೋದ ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. ಗೇಣಿ ಜಮೀನು ಉಳುವವನ ಹೆಸರಿಗಾಗುವ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ತಂದವರು ದೇವರಾಜ ಅರಸು, ಕಾಂಗ್ರೆಸ್ಸಿನವರು. ಹಾಗಾದರೆ ಚಳವಳಿಯವರು ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ಏಳನೇ ನಂಬರ್ ಫಾರಂ ನೆನಪು ಮಾಡು. ಹಕ್ಕು ಬೇಕೆನ್ನುವ ಗೇಣಿದಾರ ಅದನ್ನು ತುಂಬಿ ಕೊಡಬೇಕಿತ್ತು. ಎಷ್ಟೋ ಜನರ ಹತ್ತಿರ ಗೇಣಿ ಚೀಟಿಯೇ ಇಲ್ಲ, ಎಲ್ಲ ಬಾಯಿಮಾತಿನ ಗೇಣಿ. ಉತ್ತವರು ಇವರೇ ಎಂದು ಪಕ್ಕದ ಗದ್ದೆಯವನು ಭೂನ್ಯಾಯ ಮಂಡಳಿಯ ಮುಂದೆ ಹೇಳಬೇಕು. ಅವನೂ ಅದೇ ಧಣಿಯ ಒಕ್ಕಲು! ಅಂಥವನ ಮನೆಗೆ ಹಿಂದಿನ ರಾತ್ರಿ ಹೋಗಿ ಧೈರ್ಯ ಹೇಳಿ, ಬೆಳಿಗ್ಗೆ ಬಸ್ಸು ಹತ್ತಿಸಿ ತಾಲ್ಲೂಕು ಕಚೇರಿಗೆ ಕರೆತರುವ ಕೆಲಸಕ್ಕೆ ಸಂಘದ ಹುಡುಗರೇ ಬೇಕಾಗಿತ್ತು. ಎಡ ರಾಜಕೀಯದಲ್ಲಿ ಮುಕ್ಕಾಲು ಪಾಲು ಇಂಥ ಕೆಲಸವೇ. ಫೋಟೊ ತೆಗೆಯುವಂಥದ್ದೇನೂ ಅದರಲ್ಲಿಲ್ಲ.

ಆ ಕಾನೂನಿಗೆ ಗೇಣಿದಾರ ಕಂಡ. ಅದೇ ಗದ್ದೆಯಲ್ಲಿ ಕೂಲಿಗೆ ನಾಟಿ ಹಾಕುತ್ತಿದ್ದ ದಲಿತರ ಹೆಂಗಸು ಕಾಣಲಿಲ್ಲ. ಕೂಲಿಯವಳು ಕೂಲಿಯವಳಾಗಿಯೇ ಉಳಿದಳು, ಧಣಿ ಬದಲಾದ ಅಷ್ಟೆ. 1936ರಲ್ಲೇ ಅಂಬೇಡ್ಕರರು ಜಾತಿ ವಿನಾಶದ ಬಗ್ಗೆ ಬರೆಯುತ್ತ ಸಮಾಜವಾದಿಗಳನ್ನು ಕೇಳಿದ್ದರು, ಜಾತಿಯನ್ನು ಹಾಗೇ ಬಿಟ್ಟು ನಿಮ್ಮ ಆರ್ಥಿಕ ಸುಧಾರಣೆ ನಡೆಯುತ್ತದೆಯೇ ಎಂದು. ವರ್ಗ ಹೋದರೆ ಜಾತಿ ತಾನಾಗಿ ಉದುರುತ್ತದೆ ಎಂದು ನಮ್ಮವರು ಬಹಳ ಕಾಲ ಹೇಳಿಕೊಂಡು ಬಂದರು. ಆ ಮಾತನ್ನು ನೀನು ಮಾತ್ರ ಹೇಳಬೇಡ. ನಿನ್ನ ಗುಂಪಿನಲ್ಲಿ ಭಾಷಣ ಯಾರು ಮಾಡುತ್ತಾರೆ, ಕುರ್ಚಿ ಯಾರು ಜೋಡಿಸುತ್ತಾರೆ ಎಂದು ಆಗಾಗ ಕಣ್ಣಾಡಿಸು, ಸಾಕು.

ವಾದಕ್ಕೆ ಸಿಗುವವರು ಬಹಳ ಜನ ಇರುತ್ತಾರೆ. ಸ್ಟಾಲಿನ್ ಕಾಲದ ಶಿಬಿರಗಳನ್ನು ಎತ್ತಿದರೆ, ‘ಅವರೇನು ಕಮ್ಮಿಯಾ’ ಎಂದು ಎದುರು ಪಟ್ಟಿ ತೆಗೆಯಬೇಡ. ಸತ್ತವರು ಸತ್ತರು, ಕೊಂದದ್ದು ತಪ್ಪು. 1975ರ ತುರ್ತುಪರಿಸ್ಥಿತಿಯನ್ನು ಸಿಪಿಐ ಬೆಂಬಲಿಸಿತು, ಅದೇ ಹೊತ್ತಿಗೆ ಸಿಪಿಎಂನವರೂ ಸಮಾಜವಾದಿಗಳೂ ಜೈಲಿನಲ್ಲಿದ್ದರು. ಇದನ್ನು ಬೇರೆಯವರು ಹೇಳುವ ಮುಂಚೆ ನೀನೇ ಹೇಳು. ಮನೆಯಲ್ಲಿ ಮಾತ್ರ ವಾದ ಬೇಡ. ಅಮ್ಮ ಸಿಗಂದೂರು ದೇವಸ್ಥಾನಕ್ಕೆ ಹೋಗೋಣ ಎಂದರೆ ಹೋಗು, ಈಗ ಸೇತುವೆಯೂ ಆಗಿದೆ. ದೇವಸ್ಥಾನದ ಬಾಗಿಲಲ್ಲಿ ತಾಯಿಯ ಜೊತೆ ಜಗಳ ತೆಗೆದು ಯಾವ ಕೂಲಿಯೂ ಏರಿದ್ದಿಲ್ಲ.

ಇನ್ನು ನಿನ್ನ ಬೆಂಗಳೂರು. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದದ್ದು ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಆ ವಯಸ್ಸಿನವರೆಗೆ ಹೊಲಿಗೆ ಮಿಷನ್ನಿನ ಮುಂದೆ ಕೂರುವ ಹೆಂಗಸು ಎಲ್ಲಿದ್ದಾಳೆ? ಮಗಳ ಫೀಸಿಗೋ ಕೈಸಾಲಕ್ಕೋ ಇದ್ದ ಒಂದೇ ಗಂಟು ಅದು. ಲಾಠಿ ಬಿತ್ತು, ಬಸ್ಸುಗಳು ಉರಿದವು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ನಮ್ಮ ಮುಖಂಡರು ಸುದ್ದಿ ನೋಡಿ ಆಮೇಲೆ ಓಡಿದವರು. ಆ ಹೆಂಗಸರು ತಮ್ಮನ್ನು ಎಡ ಎಂದು ಕರೆದುಕೊಂಡವರಲ್ಲ. ಅವರಲ್ಲಿ ಎಷ್ಟು ಜನ ಯಾವ ಪಕ್ಷಕ್ಕೆ ಓಟು ಹಾಕುತ್ತಾರೋ ಯಾರು ಬಲ್ಲರು. ಆದರೂ ಕೊಳಗದ ಲೆಕ್ಕ ಅವರಿಗೆ ಗೊತ್ತಿತ್ತು. ಪುಸ್ತಕ ಓದಿದ ನಾವು ಅವರಿಗೆ ಏನು ಕಲಿಸಬೇಕು ಎಂದು ಯೋಚಿಸುವುದಕ್ಕಿಂತ, ಅವರ ಸಂಬಳದ ಚೀಟಿ ಓದಲು ಕಲಿಯುವುದು ಒಳ್ಳೆಯದು.

ನಿಮ್ಮ ಐಟಿ ಕಂಪನಿಗಳ ವಿಚಾರವೂ ಇದೆ. 2024ರಲ್ಲಿ ಐಟಿಯವರನ್ನು ದಿನಕ್ಕೆ 14 ಗಂಟೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನಿಮ್ಮ ಐಟಿ ನೌಕರರ ಯೂನಿಯನ್ ಎದುರು ನಿಂತಿತು. ಅದಕ್ಕೆ ನೀನು ಸದಸ್ಯಳಾಗಿದ್ದೀಯಾ? ಮಾರ್ಕ್ಸ್ ಟೀಶರ್ಟಿಗೆ ದುಡ್ಡು ಕೊಟ್ಟಿದ್ದೀಯ ಎಂದು ನಿಮ್ಮಮ್ಮ ಹೇಳಿದಳು, ಯೂನಿಯನ್ನಿನ ಚಂದಾ ಕಟ್ಟಿದ ಸುದ್ದಿ ಹೇಳಲಿಲ್ಲ.

ಒಂದು ಕೆಲಸ ಹೇಳಲಾ? ನಿನ್ನ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಹೆಂಗಸು ಕಂಟ್ರಾಕ್ಟರ್ ಕಡೆಯವಳಿರುತ್ತಾಳೆ. ಅವಳಿಗೆ ಕನಿಷ್ಠ ವೇತನ ಸಿಗುತ್ತಿದೆಯೋ, ಪಿಎಫ್, ಇಎಸ್‌ಐ ಎಂದು ಮುರಿದುಕೊಂಡ ದುಡ್ಡು ಕಟ್ಟಿದ್ದಾರೋ, ವಾರದ ರಜೆಗೆ ಸಂಬಳ ಹಿಡಿಯುತ್ತಾರೋ ಎಂದು ಮೊದಲು ಅವಳ ಹತ್ತಿರವೇ ಕೇಳು. ಅವಳ ಕೆಲಸಕ್ಕೆ ಕುತ್ತು ಬಾರದ ಹಾಗೆ, ಅವಳ ಹೆಸರೆತ್ತದೆ, ಅಸೋಸಿಯೇಷನ್ ಮೀಟಿಂಗಿನಲ್ಲಿ ಕಂಟ್ರಾಕ್ಟರ್‌ನ ಚಲನ್ ತೋರಿಸಿ ಎಂದು ಕೇಳು. ಎಲ್ಲ ಸರಿಮಾಡಿದರೆ ಮೇಂಟೆನೆನ್ಸ್ ಏರುತ್ತದೆ ಎನ್ನುತ್ತಾರೆ. ಏರಲಿ, ನನ್ನದು ಸೇರಿಸಿಕೊಳ್ಳಿ ಎಂದು ಮೊದಲು ನೀನು ಕೈ ಎತ್ತು. ಆಮೇಲೆ ಏನಾಯಿತು ಎಂದು ನನಗೆ ಫೋನ್ ಮಾಡು, ರಾತ್ರಿ ಒಂಬತ್ತರ ಒಳಗೆ. ಆಮೇಲೆ ನಿಮ್ಮತ್ತೆ ಬೈಯುತ್ತಾಳೆ.