ಹಡಗಿನ ರಶೀದಿಯಲ್ಲಿ ಯಾವ ತಾರೀಕು ಲೆಕ್ಕಕ್ಕೆ?

ಮಂಗಳೂರಿನ ಪಣಂಬೂರು ಬಂದರಿನಿಂದ ಗೇರು ತಿರುಳು, ಕಾಫಿ ಪರದೇಶಕ್ಕೆ ಹೋಗುತ್ತವೆ. ಸರಕಿಗೆ ಹಡಗು ಕಂಪೆನಿ ಕೊಡುವ ರಶೀದಿಯೇ ‘ಬಿಲ್ ಆಫ್ ಲೇಡಿಂಗ್’. ರಫ್ತಿಗೆ ಕೈಹಾಕುವ ರೈತರ ಗುಂಪುಗಳು ಇದರ ತಾರೀಕು ಓದಲು ಕಲಿಯಬೇಕು. ದುಡ್ಡು ನಿಂತಿರುವುದೇ ಅದರ ಮೇಲೆ.

ನಾನು ಮಳೆ ನಂಬಿದ ಬಯಲುಸೀಮೆಯವನು. ನಮ್ಮಲ್ಲಿ ಬೀಜ ಹೊಲಕ್ಕೆ ಒಯ್ದ ದಿನ ಬಿತ್ತನೆ ದಿನವಲ್ಲ, ಕೂರಿಗೆ ಹೂಡಿದ ದಿನವೇ ಬಿತ್ತನೆ. ಇಲ್ಲೂ ಹಾಗೇ.

ಒಂದು ಲೆಕ್ಕ ನೋಡಿ. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಪ್ರಕಾರ ಹಡಗಿಗೆ ಹತ್ತಿಸಲು ಕಡೇ ದಿನ ಜುಲೈ 20. ಸರಕು 18ಕ್ಕೆ ಬಂದರು ಮುಟ್ಟಿತು, ರಶೀದಿಯೂ ಅಂದಿನದೇ. ಹಡಗು ಹತ್ತಿದ್ದು 22ಕ್ಕೆ. ರಶೀದಿಯಲ್ಲಿ ‘ಆನ್ ಬೋರ್ಡ್ 22’ ಎಂದಿದ್ದರೆ ಬ್ಯಾಂಕು ಹಿಡಿಯುವುದು 22ನ್ನೇ. 2007ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮ ಹೀಗಿದೆ. ಎರಡು ದಿನ ತಡ ಅಂತ ಹಣ ತಡೆಯಬಹುದು; ಆಮೇಲೆ ಕೊಳ್ಳುವವನ ಮರ್ಜಿ. ‘ಹಡಗೇರಿದೆ’ ಎಂದು ಅಚ್ಚಾಗಿದ್ದು, ಬೇರೆ ತಾರೀಕು ಬರೆದಿಲ್ಲದಿದ್ದರೆ ಮಾತ್ರ ರಶೀದಿ ಕೊಟ್ಟ ದಿನವೇ ಲೆಕ್ಕ.

ಹಡಗೇರಿದ 21 ದಿನದೊಳಗೆ, ಲೆಟರ್ ಆಫ್ ಕ್ರೆಡಿಟ್ಟಿನ ಅವಧಿ ಮುಗಿಯುವ ಮುಂಚೆಯೇ, ಕಾಗದಪತ್ರ ಬ್ಯಾಂಕಿಗೆ ಸೇರಬೇಕು. ಅದರಲ್ಲಿ ಬೇರೆ ಗಡುವಿದ್ದರೆ ಆ ಗಡುವೇ ನಡೆಯುತ್ತದೆ.

ಹಿಂದಿನ ತಾರೀಕು ಹಾಕಿಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ಅದು ಮೋಸ. ತಡವಾಗುವ ಸುಳಿವು ಸಿಕ್ಕ ಕೂಡಲೇ ಕೊಳ್ಳುವವರಿಗೆ ತಿಳಿಸಿ ಗಡುವು ತಿದ್ದಿಸಿಕೊಳ್ಳಿ.